ಗಟ್ಟಿಗಿತ್ತಿಯರ ರಕ್ತದೊತ್ತಡ

2009ರ ಮಳೆಗಾಲದಲ್ಲಿ ನಮ್ಮ ಪ್ರೌಢಶಾಲೆಯಲ್ಲಿ ಒಂದು ಆರೋಗ್ಯ ತಪಾಸಣಾ ಶಿಬಿರ ನಡೆಯಿತು. ಮಕ್ಕಳ ಹಲ್ಲು, ಕಣ್ಣುಗಳನ್ನು ನೋಡಿ ಮುಗಿಸಿದ ತರುಣ ವೈದ್ಯರು, "ಟೀಚರ್‌ಗಳದ್ದೂ ಬಿ.ಪಿ. ನೋಡಿಬಿಡುವಾ" ಎನ್ನುತ್ತ ಸ್ಟಾಫ್ ರೂಮಿಗೆ ಬಂದರು. ಮೊದಲು ಕೈ ಚಾಚಿದವರು ನಮ್ಮ ಗಣಿತದ ಮಾಸ್ಟ್ರು. ಅವರ ಗರ್ಜನೆ ರಸ್ತೆಯಾಚೆಯ ಬಸ್ ಸ್ಟಾಪಿಗೂ ಕೇಳಿಸುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ. ಅವರದ್ದು 122/80 ಬಂತು. ನನ್ನ ಸರದಿ ಬಂದಾಗ ವೈದ್ಯರು ಒಮ್ಮೆ ನೋಡಿ ಏನೂ ಹೇಳದೆ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಮೂರನೆಯ ಸಲವೂ ಗಾಳಿ ತುಂಬಿಸಿದರು. 168/104. ಸ್ಟಾಫ್ ರೂಮಿನಲ್ಲಿ ಒಂದು ಕ್ಷಣ ಮೌನ. ಬಳಿಕ ಗಣಿತದ ಮಾಸ್ಟ್ರೇ ಬಾಯಿಬಿಟ್ಟರು: "ಇದು ಹೇಗೆ ಟೀಚರೇ? ನೀವು ಸ್ವರ ಎತ್ತಿ ಮಾತನಾಡಿದ್ದನ್ನೇ ನಾವು ಕೇಳಿಲ್ಲವಲ್ಲ!"

ವೈದ್ಯರು ಮೆಲ್ಲಗೆ ಕೇಳಿದರು: "ಟೀಚರ್, ಮನೆಯಲ್ಲಿ ಏನಾದರೂ ಟೆನ್ಶನ್ ಉಂಟಾ?" ನಾನು ತಟ್ಟನೆ, "ಏನೂ ಇಲ್ಲ ಡಾಕ್ಟ್ರೇ" ಎಂದೆ.

ಆಗ ನಮ್ಮ ಮನೆಯಲ್ಲಿ ಅತ್ತೆಯವರು ಹಾಸಿಗೆ ಹಿಡಿದು ಮೂರನೆಯ ವರ್ಷ ನಡೆಯುತ್ತಿತ್ತು. ಯಜಮಾನರು ಗಲ್ಫಿನಲ್ಲಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅತ್ತೆಯವರನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಮಗನ ಬುತ್ತಿ ಕಟ್ಟಿ, ಎಂಟೂಕಾಲರ ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಶಾಲೆ ತಲುಪುತ್ತಿದ್ದೆ. ಅತ್ತೆಯವರನ್ನು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದ ಬಂಧುಗಳು ಹಾಸಿಗೆಯ ಚಾದರವನ್ನು ಎತ್ತಿ ನೋಡಿ ಹೋಗುತ್ತಿದ್ದರು. ಇಷ್ಟೆಲ್ಲ ಇದ್ದೂ "ಏನೂ ಇಲ್ಲ" ಎಂದು ಹೇಳಿದ್ದು ಸುಳ್ಳು ಹೇಳಬೇಕೆಂದಲ್ಲ. ಆ ಮಾತು ನಾಲಗೆಯ ಮೇಲೆ ಸದಾ ಸಿದ್ಧವಾಗಿ ಇರುತ್ತಿತ್ತು, ಅಷ್ಟೆ. ಅದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ತುಳುವಿನಲ್ಲಿ ಅವಳದನ್ನು "ದಾಲ ಇಜ್ಜಿ" ಎನ್ನುತ್ತಿದ್ದಳು. ತುಳು ಬಾರದ ಓದುಗರಿಗಾಗಿ ಹೇಳುವುದಾದರೆ, ಅದರ ಅರ್ಥವೂ ಏನೂ ಇಲ್ಲ ಎಂದೇ.

ನಮ್ಮ ತಂದೆ ತೀರಿಕೊಂಡದ್ದು 1973ರಲ್ಲಿ. ನನಗೆ ಹನ್ನೆರಡು, ಅಕ್ಕನಿಗೆ ಹದಿನಾರು. ಅವಳು ಶಾಲೆ ಬಿಟ್ಟು ಅಮ್ಮನ ಜೊತೆ ಬೀಡಿ ಕಟ್ಟಲು ಕೂತಳು. ಆ ಕಾಲದಲ್ಲಿ ಮಂಗಳೂರಿನ ಸುತ್ತಮುತ್ತ ಬೀಡಿ ಕಟ್ಟದ ಬಡವರ ಮನೆ ವಿರಳ. ಎಲೆಯನ್ನು ನೀರಿನಲ್ಲಿ ನೆನೆಸಿ, ಅಳತೆಗೆ ಸರಿಯಾಗಿ ಕತ್ತರಿಸಿ, ಮಡಿಲಲ್ಲಿ ತಡ್ಪೆಯಿಟ್ಟುಕೊಂಡು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಕೂತಲ್ಲೇ ಬೆನ್ನು ಬಾಗಿ ದಿನಕ್ಕೆ ಸಾವಿರ ಬೀಡಿ. ಹೊಗೆಸೊಪ್ಪಿನ ಧೂಳು ಇಡೀ ದಿನ ಮೂಗಿಗೆ, ಬೆರಳಿಗೆ. ಸಂಜೆ ಕಟ್ಟುಗಳನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ಪರೀಕ್ಷಿಸುವಾತ ಮುಷ್ಟಿ ತುಂಬ ತೆಗೆದು "ಇದು ಆಗುವುದಿಲ್ಲ" ಎಂದು ಬದಿಗೆ ಸರಿಸುತ್ತಿದ್ದ. ಸರಿಸಿದ್ದಕ್ಕೆ ಕೂಲಿಯಿಲ್ಲ; ಹೋದ ಎಲೆಯ ಲೆಕ್ಕವೂ ನಮ್ಮ ತಲೆಗೇ.

ನನ್ನ ಬಿ.ಎಡ್. ಶುಲ್ಕ ಕಟ್ಟಬೇಕಾದ ವಾರ ಅಕ್ಕನೊಡನೆ ನಾನೂ ಬ್ರಾಂಚಿಗೆ ಹೋಗಿದ್ದೆ. ಅಂದು ಆತ ಇನ್ನೂರಕ್ಕೂ ಹೆಚ್ಚು ಬೀಡಿಗಳನ್ನು ಕಳೆದ. ಹಿಂದಿನ ರಾತ್ರಿ ಚಿಮಿಣಿ ದೀಪದಲ್ಲಿ ಕಟ್ಟಿದವು. ನನಗೆ ಅಳು ಬಂತು. ಅಕ್ಕ ಮಾತ್ರ ನಗುಮುಖದಿಂದಲೇ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಳು. "ಏನಾಯಿತು ಅಕ್ಕ?" ಎಂದರೆ, "ದಾಲ ಇಜ್ಜಿ." ಆ ವಾರ ಶುಲ್ಕ ಹೇಗೋ ಹೊಂದಿತು. ಹೇಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. 1984ರಲ್ಲಿ ನಾನು ಬಿ.ಎಡ್. ಮುಗಿಸಿದೆ, ಊರಿನವರೆಲ್ಲ ಅಕ್ಕನನ್ನು ಹೊಗಳಿದರು: "ಅವಳು ಗಟ್ಟಿಗಿತ್ತಿ." ಮುಂದೆ ಅವಳ ಮದುವೆಯಾಗಿ, ಶನಿವಾರ ಕೈಗೆ ಬಂದ ಕೂಲಿ ಭಾನುವಾರ ಗಂಡನ ಶೇಂದಿಗೆ ಕರಗಿಹೋಗುವ ದಿನಗಳಲ್ಲೂ ಅದೇ ಮಾತು. ಆ ಬಿರುದು ಹೆಗಲ ಮೇಲಿದ್ದರೆ ಇಳಿಸಿಡಲು ಜಾಗವಿರುವುದಿಲ್ಲ. ಗಟ್ಟಿಗಿತ್ತಿ ಅತ್ತರೆ ಜನ ಏನೆಂದಾರು?

ಅಕ್ಕನಿಗೆ ರಕ್ತದೊತ್ತಡವಿದೆಯೆಂದು 2007ರಲ್ಲೇ ಗೊತ್ತಾಗಿತ್ತು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. "ತಗೊಳ್ತೀಯಲ್ಲ ಅಕ್ಕ?" ಎಂದು ನಾನು ಕೇಳುತ್ತಿದ್ದೆ. "ತಲೆ ತಿರುಗಿದ ದಿವಸ ತಗೊಳ್ತೇನೆ" ಎನ್ನುತ್ತಿದ್ದಳು. ಈ ಕಾಯಿಲೆಯ ಮೋಸವಿರುವುದೇ ಇಲ್ಲಿ. ಬಹುತೇಕರಿಗೆ ತಲೆ ತಿರುಗುವುದೂ ಇಲ್ಲ, ನೋಯುವುದೂ ಇಲ್ಲ. ಒತ್ತಡ ಏರಿದ್ದು ಅಳೆದು ನೋಡಿದಾಗಲೇ ಗೊತ್ತು. ತಲೆ ತಿರುಗದ ಅಕ್ಕ ಮಾತ್ರೆ ತೆಗೆದುಕೊಳ್ಳಲಿಲ್ಲ. ಮಗಳ ನರ್ಸಿಂಗ್ ಓದಿನ ಖರ್ಚಿನ ಮುಂದೆ ತನ್ನ ಮಾತ್ರೆಯ ಖರ್ಚು ಅವಳಿಗೆ ದುಂದು. ಹೀಗೆ ಎಲ್ಲವನ್ನೂ ನುಂಗುತ್ತ ಬಂದವಳು ಮಾತ್ರೆಯೊಂದನ್ನು ನುಂಗಲಿಲ್ಲ.

2014ರ ಮಾರ್ಚಿನ ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಅವಳ ಕೈಯಿಂದ ಕೊಡ ಜಾರಿತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಿದುಳಿನ ಎಡಭಾಗದಲ್ಲಿ ಆಘಾತವಾದರೆ ಬಲಭಾಗದ ಅಂಗಗಳೊಡನೆ ಅನೇಕರಿಗೆ ಮಾತೂ ಹೋಗುತ್ತದೆ ಎಂದು ವೈದ್ಯರು ವಿವರಿಸಿದರು. ಕೇಳಿದ್ದು ಅರ್ಥವಾಗುತ್ತದೆ, ಹೇಳಬೇಕಾದ್ದು ಹೊರಗೆ ಬರುವುದಿಲ್ಲ. ಆದರೆ ಕೆಲವರಲ್ಲಿ, ಬದುಕಿನುದ್ದಕ್ಕೂ ಸಾವಿರ ಸಲ ಬಳಸಿದ ಒಂದೆರಡು ನುಡಿಗಟ್ಟುಗಳು ಮಾತ್ರ ಉಳಿದುಕೊಳ್ಳುತ್ತವೆಯಂತೆ. ಎರಡನೆಯ ವಾರ ಅಕ್ಕನ ಬಾಯಿಂದ ಮೊದಲ ಮಾತು ಹೊರಟಿತು. "ದಾಲ ಇಜ್ಜಿ."

ಆ ಮೇಲೆ ನಾಲ್ಕು ವರ್ಷ ಅವಳು ಬದುಕಿದ್ದಳು. ಬಾಯಾರಿದರೂ ಅದೇ ಮಾತು, ಬೆನ್ನು ಹುಣ್ಣಾದರೂ ಅದೇ ಮಾತು. ಹೇಳುವಾಗ ಎಡಗೈಯಿಂದ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು, ಕಣ್ಣುಗಳಿಂದ ನೀರು ಸುರಿಯುತ್ತಿತ್ತು. ತಾನು ಹೇಳಬೇಕೆಂದಿದ್ದು ಅದಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳ ಟಿನ್ನಿನ ಡಬ್ಬಿಯನ್ನು ತೆರೆದಾಗ ಪಿ.ಎಫ್. ಪುಸ್ತಕದಡಿಯಲ್ಲಿ ಮಾತ್ರೆಯ ಪಟ್ಟಿಗಳಿದ್ದವು. ಹೆಚ್ಚಿನವು ಅವಧಿ ಮುಗಿದವು. ರಬ್ಬರ್ ಬ್ಯಾಂಡ್ ಹಾಕಿ ಜೋಪಾನವಾಗಿ ಇಟ್ಟಿದ್ದಳು. 2018ರಲ್ಲಿ ಅಕ್ಕ ಹೋದಳು.

ಇನ್ನು ನನ್ನ ಬುದ್ಧಿವಂತಿಕೆಯನ್ನೂ ಹೇಳಿಬಿಡಬೇಕು. ಬಿ.ಪಿ. ಎಂಬುದು ನಮ್ಮ ಊರಿನಲ್ಲಿ ಕಾಯಿಲೆಯ ಹೆಸರಾಗಿ ಉಳಿದಿಲ್ಲ, ಕೋಪದ ಇನ್ನೊಂದು ಹೆಸರಾಗಿದೆ. "ನನಗೆ ಬಿ.ಪಿ. ಏರಿಸಬೇಡ" ಎಂದು ಮಕ್ಕಳನ್ನು ಗದರುತ್ತೇವೆ. ಆದ್ದರಿಂದ ಮನಸ್ಸು ತಣ್ಣಗಾದರೆ ಬಿ.ಪಿ.ಯೂ ಹೋಯಿತೆಂಬ ನಂಬಿಕೆ ಬಲವಾಗಿದೆ. 2012ರಲ್ಲಿ ಹತ್ತು ದಿನಗಳ ಯೋಗ ಶಿಬಿರವೊಂದಕ್ಕೆ ಹೋಗಿದ್ದೆ. ಮನಸ್ಸು ನಿಜವಾಗಿಯೂ ಹಗುರವಾಯಿತು, ನಿದ್ರೆ ಬಂತು. ಅದರ ಉತ್ಸಾಹದಲ್ಲಿ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ. ಎರಡು ತಿಂಗಳ ಬಳಿಕ ಬೇರಾವುದೋ ಕಾರಣಕ್ಕೆ ವೈದ್ಯರಲ್ಲಿಗೆ ಹೋದಾಗ 190/110. ಬಿ.ಎಡ್. ಮಾಡಿದವಳು, ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು! ಕೋಪ, ಭಯ, ದುಃಖಗಳಲ್ಲಿ ಹೃದಯ ಜೋರಾಗಿ ಬಡಿದು, ರಕ್ತನಾಳಗಳು ಬಿಗಿದು ಒತ್ತಡ ಏರುವುದು ನಿಜ. ಆ ಗಳಿಗೆ ಕಳೆದರೆ ಅದು ಇಳಿಯುವುದೂ ನಿಜ. ಆದರೆ ನೆಲೆಯೂರಿದ ರಕ್ತದೊತ್ತಡಕ್ಕೆ ವಂಶ, ವಯಸ್ಸು, ದೇಹದ ತೂಕ, ಉಪ್ಪು ಎಲ್ಲವೂ ಪಾಲುದಾರರು. ನಮ್ಮ ಗಂಜಿಯ ಸಂಗಾತಿಗಳನ್ನೇ ನೋಡಿ: ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ, ಹಪ್ಪಳ, ಒಣಮೀನಿನ ಚಟ್ನಿ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಊಟದಲ್ಲಿ ಅದು ಬಟ್ಟಲ ಅಂಚಿನಲ್ಲೇ ಮುಗಿದುಹೋಗುತ್ತದೆ.

ಹಾಗಾದರೆ ಅಕ್ಕನ "ದಾಲ ಇಜ್ಜಿ"ಗೂ ಅವಳ ರೋಗಕ್ಕೂ ಸಂಬಂಧವಿಲ್ಲವೆ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಬೆಳಕು ತೋರಿಸಿದವಳು ಅಕ್ಕನ ಮಗಳು. ಅವಳೀಗ ಅಮೆರಿಕದಲ್ಲಿ ನರ್ಸ್. ಅಲ್ಲಿನ ಕಪ್ಪು ವರ್ಣೀಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಒಮ್ಮೆ ಫೋನಿನಲ್ಲಿ ಹೇಳಿದಳು: "ಚಿಕ್ಕಮ್ಮ, ನನ್ನ ವಾರ್ಡಿಗೆ ಬರುವ ಆ ಹೆಂಗಸರನ್ನು ನೋಡುವಾಗ ನನಗೆ ಅಮ್ಮನೇ ಕಾಣುತ್ತಾಳೆ. ಹೇಗಿದ್ದೀರಿ ಎಂದರೆ ಅವರೂ ಏನೂ ಇಲ್ಲ ಅನ್ನುತ್ತಾರೆ."

ಅವಳ ಮಾತಿನಿಂದ ಕುತೂಹಲ ಹುಟ್ಟಿ ಒಂದಿಷ್ಟು ಓದಿದೆ. ಶರ್ಮನ್ ಜೇಮ್ಸ್ ಎಂಬ ವಿದ್ವಾಂಸರು ಉತ್ತರ ಕೆರೊಲಿನಾದ ಕಪ್ಪು ಜನರ ನಡುವೆ ಅಧ್ಯಯನ ಮಾಡಿ, 1980ರ ದಶಕದ ಆರಂಭದಲ್ಲಿ "ಜಾನ್ ಹೆನ್ರಿಸಂ" ಎಂಬ ಕಲ್ಪನೆಯನ್ನು ಮುಂದಿಟ್ಟರು. ಜಾನ್ ಹೆನ್ರಿ ಅಲ್ಲಿನ ಜನಪದ ಕಥೆಯ ನಾಯಕ. ಬಂಡೆ ಕೊರೆಯುವ ಉಗಿಯಂತ್ರದೊಡನೆ ಪಂತ ಕಟ್ಟಿ, ಸುತ್ತಿಗೆಯಿಂದ ಅದನ್ನು ಸೋಲಿಸಿ, ಸುತ್ತಿಗೆ ಹಿಡಿದಂತೆಯೇ ಸತ್ತವನು. ಕೈಯಲ್ಲಿ ಏನೂ ಇಲ್ಲದೆಯೂ, ಎಲ್ಲವನ್ನೂ ತನ್ನ ದುಡಿಮೆಯೊಂದರಿಂದಲೇ ಗೆಲ್ಲುತ್ತೇನೆಂದು ಹೊರಟವರ ದೇಹ ಅದರ ಬೆಲೆ ತೆರುತ್ತದೆಯೇ ಎಂಬುದು ಜೇಮ್ಸ್ ಅವರ ಪ್ರಶ್ನೆ. 2010ರಲ್ಲಿ ಶೆರಿಲ್ ವುಡ್ಸ್ ಗಿಸ್ಕೊಂಬೆ ಎಂಬ ಸಂಶೋಧಕಿ ಕಪ್ಪು ಮಹಿಳೆಯರ ಮಾತುಗಳನ್ನೇ ಕೇಳಿ "ಸೂಪರ್‌ವುಮನ್ ಸ್ಕೀಮಾ" ಎಂಬ ಹೆಸರಿನಲ್ಲಿ ಐದು ಲಕ್ಷಣಗಳನ್ನು ಗುರುತಿಸಿದರು. ಸದಾ ಗಟ್ಟಿಯಾಗಿ ಕಾಣಿಸಿಕೊಳ್ಳಬೇಕೆಂಬ ಕಟ್ಟುಪಾಡು, ಭಾವನೆಗಳನ್ನು ಅದುಮಿಡುವುದು, ಇನ್ನೊಬ್ಬರಿಗೆ ಒರಗಲು ಒಪ್ಪದಿರುವುದು, ಅನುಕೂಲವಿಲ್ಲದಿದ್ದರೂ ಗೆಲ್ಲಲೇಬೇಕೆಂಬ ಛಲ, ತನಗಿಂತ ಮೊದಲು ಬೇರೆಯವರ ಚಾಕರಿ. ಓದುತ್ತಿದ್ದಂತೆ ನನಗೆ ಮೈ ನವಿರೆದ್ದಿತು. ನಮ್ಮ "ಗಟ್ಟಿಗಿತ್ತಿ" ಎಂಬ ಒಂದೇ ಪದದಲ್ಲಿ ಐದೂ ಇವೆಯಲ್ಲ!

ಆ ಮಹಿಳೆಯರ ಬೆನ್ನ ಹಿಂದೆ ಗುಲಾಮಗಿರಿಯ ಚರಿತ್ರೆಯಿದೆ, ವರ್ಣಭೇದದ ನಿತ್ಯದ ಚುಚ್ಚುಮಾತುಗಳಿವೆ. ಅದನ್ನು ನಮ್ಮ ಕಷ್ಟದೊಡನೆ ತೂಗಲು ನಾನು ಹೋಗಲಾರೆ. ನಾನು ಅವರಿಂದ ತಿಳಿದುಕೊಂಡದ್ದು ಇಷ್ಟು. ಭಾವನೆ ಅದುಮಿಟ್ಟದ್ದು ನೇರವಾಗಿ ರಕ್ತನಾಳವನ್ನು ಬಿಗಿಯುತ್ತದೆಯೋ ಇಲ್ಲವೋ ಎಂಬುದು ತಜ್ಞರ ಚರ್ಚೆ. ಆದರೆ "ಏನೂ ಇಲ್ಲ" ಎನ್ನುವವಳು ನಿದ್ರೆಗೆಡುತ್ತಾಳೆ, ಉಳಿದದ್ದನ್ನು ನಿಂತಲ್ಲೇ ಉಣ್ಣುತ್ತಾಳೆ, ತಪಾಸಣೆಯನ್ನು ಮುಂದಿನ ತಿಂಗಳಿಗೆ ಹಾಕುತ್ತಾಳೆ, ಮಾತ್ರೆಯನ್ನು ಡಬ್ಬಿಯಲ್ಲಿ ಜೋಪಾನವಾಗಿಡುತ್ತಾಳೆ. ಅಕ್ಕನ ವಿಷಯದಲ್ಲಿ ನಾನು ಕಣ್ಣಾರೆ ಕಂಡ ದಾರಿ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದು ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿಗೆ ರಕ್ತದೊತ್ತಡವಿತ್ತು. ಇವರಲ್ಲಿ ಎಷ್ಟು ಡಬ್ಬಿಗಳಿವೆಯೋ.

ಈಗ ನನ್ನ ದಿನಚರಿ. ಬೆಳಿಗ್ಗೆ ಮಾತ್ರೆ, ಅದರಲ್ಲಿ ರಾಜಿಯಿಲ್ಲ. ವಾರಕ್ಕೆರಡು ದಿನ ಮನೆಯಲ್ಲೇ ಅಳೆಯುತ್ತೇನೆ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಬೆನ್ನು ಆನಿಸಿ, ಪಾದಗಳನ್ನು ನೆಲದ ಮೇಲಿಟ್ಟು, ತೋಳು ಹೃದಯದ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿರಿಸಿ ಐದು ನಿಮಿಷ ಸುಮ್ಮನೆ ಕೂರಬೇಕು. ಅಳೆಯುವಾಗ ಮಾತು ಕೂಡದು, ಅಂಕಿ ಏರುತ್ತದೆ. (ಜೀವನದಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದ ಸಮಯವೆಂದರೆ ಇದೊಂದೇ ಎಂದು ನಾನು ಹೆಣ್ಣುಮಕ್ಕಳಿಗೆ ಹೇಳುವುದುಂಟು.) ಬಂದ ಅಂಕಿಯನ್ನು ಹಳೆಯ ಮಾರ್ಕ್ಸ್ ರಿಜಿಸ್ಟರಿನ ಉಳಿದ ಪುಟಗಳಲ್ಲಿ ಬರೆದಿಡುತ್ತೇನೆ.

ಸಂಜೆ ಕದ್ರಿ ಪಾರ್ಕಿನಲ್ಲಿ ನಡಿಗೆ. ಅಲ್ಲಿ ನಾಲ್ಕೈದು ನಿವೃತ್ತ ಸಹೋದ್ಯೋಗಿಗಳ ಒಂದು ಬೆಂಚು ನಮ್ಮದು. ಕೊಂಕಣಿ ಮನೆಮಾತಿನ ಕ್ರೈಸ್ತ ಗೆಳತಿಯೊಬ್ಬರು ದಿನವೂ ತೇರ್ಸ್ ಹೇಳುವವರು, ನಾನು ಜಪ ಮಾಡುವವಳು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಜನರಿಂದ ಜಪಸರದ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತಂತೆ. ಹೃದಯದ ಲಯಕ್ಕೂ ಅದು ಹಿತವೆಂದು ಕಂಡರಂತೆ. ಇದನ್ನು ಹೇಳಿದಾಗ ಗೆಳತಿ, "ಹಾಗಾದರೆ ಇಬ್ಬರೂ ಪಾಸು" ಎಂದು ನಕ್ಕರು. ಆದರೆ ಜಪಕ್ಕಿಂತ ನಮಗೆ ಒದಗುವುದು ಆ ಬೆಂಚೇ ಎನ್ನಿಸುತ್ತದೆ. ಅಲ್ಲಿ "ಏನೂ ಇಲ್ಲ" ಎನ್ನುವುದಕ್ಕೆ ಅನುಮತಿಯಿಲ್ಲ. ಸೊಸೆಯ ದೂರು, ಮಂಡಿನೋವು, ತೀರಿಹೋದ ಗಂಡನ ಮೇಲಿನ ಮುಗಿಯದ ಸಿಟ್ಟು, ಎಲ್ಲವೂ ಹೊರಗೆ ಬರಬೇಕು.

ಮಾತನಾಡಿದೊಡನೆ ಎಲ್ಲ ಸರಿಹೋಗುತ್ತದೆಂದು ತಿಳಿಯಬೇಡಿ. ಕಳೆದ ವರ್ಷ ಮಗ ಬೆಂಗಳೂರಿನಿಂದ ಫೋನು ಮಾಡಿ, ಬೇಸಿಗೆ ರಜೆಯ ಎರಡು ತಿಂಗಳೂ ಮಕ್ಕಳಿಬ್ಬರನ್ನು ನನ್ನಲ್ಲಿ ಬಿಡುವುದೆಂದು ತಾನೇ ನಿಶ್ಚಯಿಸಿ ತಿಳಿಸಿದ. ಬದುಕಿನಲ್ಲಿ ಮೊದಲ ಬಾರಿಗೆ, "ನನ್ನಿಂದ ಎರಡು ವಾರ ಆಗುತ್ತದೆ, ಎರಡು ತಿಂಗಳು ಆಗುವುದಿಲ್ಲ" ಎಂದೆ. ಸ್ವರ ನಡುಗುತ್ತಿತ್ತು. ಫೋನ್ ಇಟ್ಟು ಅಳೆದೆ: 158/92. ತಡೆಹಿಡಿದ ಮಾತು ಹೊರಬರುವಾಗಲೂ ಸುಂಕ ವಸೂಲು ಮಾಡುತ್ತದೆ! ಮರುದಿನ 134/82. ಮಗ ಒಂದು ವಾರ ಮುನಿಸಿಕೊಂಡಿದ್ದ. ಮಕ್ಕಳು ಎರಡು ವಾರ ಬಂದು ಹೋದರು.

ಅಕ್ಕನ ಮಗಳು ಭಾನುವಾರಗಳಲ್ಲಿ ಫೋನು ಮಾಡುತ್ತಾಳೆ. ನನ್ನ ಅಂಕಿಗಳನ್ನು ಕೇಳಿ, ಗದರಿ, ಬುದ್ಧಿ ಹೇಳುತ್ತಾಳೆ. ಅವಳಿಗೂ ವಯಸ್ಸಾಗುತ್ತ ಬಂತು. ವಾರಕ್ಕೆ ನಾಲ್ಕು ರಾತ್ರಿ ಪಾಳಿ, ಅಲ್ಲಿಯ ಮನೆಯ ಸಾಲ, ಮಗನ ಕಾಲೇಜು. ಹೋದ ತಿಂಗಳು ಅವಳ ಸ್ವರ ಬಾಡಿದಂತೆ ಕೇಳಿಸಿತು. "ಏನಾಯಿತು ಮಗಾ?" ಎಂದೆ.

"ದಾಲ ಇಜ್ಜಿ ಚಿಕ್ಕಮ್ಮ."

ಇಬ್ಬರೂ ಒಂದು ಕ್ಷಣ ಸುಮ್ಮನಾದೆವು. ನಿನ್ನದನ್ನು ಅಳೆದು ನೋಡಿ ಎಷ್ಟು ವರ್ಷವಾಯಿತೆಂದು ಕೇಳಿದೆ. ಅವಳು ಉತ್ತರಿಸಲಿಲ್ಲ. ದಿನವೂ ನೂರು ಜನರ ತೋಳಿಗೆ ಪಟ್ಟಿ ಕಟ್ಟುವವಳು! ಅಳೆದು ಅಂಕಿ ಕಳುಹಿಸುತ್ತೇನೆಂದು ಮಾತು ಕೊಟ್ಟಿದ್ದಾಳೆ. ಇಂದಿನವರೆಗೂ ಬಂದಿಲ್ಲ. ನಾಳೆ ಭಾನುವಾರ, ಅವಳು ಮಾಡುವ ಮೊದಲು ನಾನೇ ಫೋನು ಮಾಡಬೇಕೆಂದಿದ್ದೇನೆ.