ಪಾಠಶಾಲೆಯಿಂದ ಯೋಗಶಾಲೆಗೆ

ಓದಿದ ಮನೆತನದ ಹುಡುಗನೊಬ್ಬನು ಕಛೇರಿಯ ಕೆಲಸಕ್ಕೆ ರಾಜೀನಾಮೆಯನ್ನು ಕೊಟ್ಟು, ಜನಕ್ಕೆ ಅಂಗಸಾಧನೆಯನ್ನು ಹೇಳಿಕೊಟ್ಟು ಬದುಕುತ್ತೇನೆಂದು ಹೊರಟರೆ ಆ ದಿನ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ತಾಯಿ ದೇವರ ಕೋಣೆಯ ಹೊಸ್ತಿಲ ಮೇಲೆ ಕುಳಿತುಬಿಡುತ್ತಾಳೆ. ತಂದೆ, "ಇಷ್ಟು ವರ್ಷ ಓದಿಸಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು" ಎಂದು ನಿಟ್ಟುಸಿರು ಬಿಡುತ್ತಾನೆ. ಬೆಂಗಳೂರು ಮೈಸೂರುಗಳ ಬೀದಿಗಳಲ್ಲಿ ಜಿಮ್ ಎಂಬ ಹಲಗೆಗಳು ಹೆಚ್ಚಿದ ಮೇಲೆ ಇಂತಹ ಪ್ರಸಂಗಗಳು ಅಪೂರ್ವವಾಗಿ ಉಳಿದಿಲ್ಲ. ಸಂಬಳ ಕಡಮೆಯಾಗುವುದೆಂಬುದು ಆ ದುಃಖದಲ್ಲಿ ಅರ್ಧ, ಉಳಿದರ್ಧವು ಮರ್ಯಾದೆಯದು. "ನಮ್ಮವನು ಇಂಜಿನಿಯರು" ಎಂದು ಹೇಳಿ ರೂಢಿಯಾದ ನಾಲಗೆ, "ನಮ್ಮವನು ಕಸರತ್ತು ಹೇಳಿಕೊಡುತ್ತಾನೆ" ಎನ್ನುವುದಕ್ಕೆ ಸುಲಭವಾಗಿ ಒಗ್ಗದು.

ಈ ಸಂಕೋಚಕ್ಕೆ ನಮ್ಮ ಪಂಡಿತವರ್ಗದವರೂ ಹೊಣೆಗಾರರೆನ್ನಬೇಕು. ಕುಮಾರಸಂಭವದ ಐದನೆಯ ಸರ್ಗದಲ್ಲಿ, ತಪಸ್ಸಿನಿಂದ ಸೊರಗಿದ ಪಾರ್ವತಿಯ ಮುಂದೆ ಬ್ರಹ್ಮಚಾರಿಯ ವೇಷದಲ್ಲಿ ಬಂದು ನಿಂತ ಶಿವನು ಶರೀರರಕ್ಷಣೆಯನ್ನು ಕುರಿತು ಆಡುವ ಮಾತು ಪಾಠಶಾಲೆಯ ಹುಡುಗರೆಲ್ಲರಿಗೂ ಬಾಯಿಗೆ ಬರುತ್ತದೆ. ಅದನ್ನು ಅನ್ವಯಪೂರ್ವಕವಾಗಿ ಹೇಳಿ ಅರ್ಥವನ್ನು ಬಿಡಿಸುವ ಉಪಾಧ್ಯಾಯರಲ್ಲಿ ಎಷ್ಟೋ ಜನರಿಗೆ ನೆಲದ ಮೇಲಿಂದ ಎದ್ದು ನಿಲ್ಲಬೇಕಾದರೆ ಕಂಬದ ಆಸರೆ ಬೇಕು! ಗರಡಿಯು ಜಟ್ಟಿಗಳಿಗೆ, ಗ್ರಂಥವು ಪಂಡಿತರಿಗೆ ಎಂದು ಊರು ಮೊದಲೇ ಪಾಲುಮಾಡಿ ಹಂಚಿಬಿಟ್ಟಿತ್ತು. ಈ ಎಲ್ಲೆಯನ್ನು ದಾಟಿ, ಷಡ್ದರ್ಶನಗಳನ್ನು ಓದಿಕೊಂಡು, ಮೈಯನ್ನು ತಿದ್ದುವ ವೃತ್ತಿಗೆ ಇಳಿದ ಒಬ್ಬರ ಕಥೆ ನಮ್ಮ ಸೀಮೆಯಲ್ಲಿಯೇ ನಡೆದಿದೆ. ಅಲ್ಲಿಯೂ ಇದೇ ಮರ್ಯಾದೆಯ ಪ್ರಶ್ನೆ ಎದ್ದಿತ್ತು; ಅಂದು ಅದು ಇಂದಿಗಿಂತ ಹೆಚ್ಚು ಕಟುವಾಗಿತ್ತು.

ತಿರುಮಲೆ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ. ವೇದಾಧ್ಯಾಪಕರಾಗಿದ್ದ ತಂದೆಯೇ ಅವರಿಗೆ ಮೊದಲ ಗುರುಗಳು. ತಂದೆ ತೀರಿಕೊಂಡಾಗ ಬಾಲಕನಿಗೆ ಹತ್ತು ವರ್ಷ. ಆ ಮನೆತನಕ್ಕೆ ಪರಕಾಲಮಠದ ಸಂಬಂಧವಿದ್ದುದರಿಂದ ಮೈಸೂರಿನಲ್ಲಿ ವಿದ್ಯಾಭ್ಯಾಸವು ಮುಂದುವರಿಯಿತು, ಆಮೇಲೆ ಕಾಶಿ. ವ್ಯಾಕರಣ, ನ್ಯಾಯ, ಮೀಮಾಂಸೆ, ವೇದಾಂತ, ಇವೆಲ್ಲ ಒಂದೊಂದಾಗಿ ಕೈವಶವಾದುವು. ಹಿಮಾಲಯದ ಆಚೆ, ಮಾನಸಸರೋವರದ ಸಮೀಪದಲ್ಲಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳ ಬಳಿ ಏಳೆಂಟು ವರ್ಷ ಯೋಗಾಭ್ಯಾಸ ಮಾಡಿದುದಾಗಿ ಅವರೇ ಹೇಳುತ್ತಿದ್ದರು. ಗೃಹಸ್ಥನಾಗಿ ಸಂಸಾರ ಮಾಡಬೇಕು, ಯೋಗವನ್ನು ಜನಕ್ಕೆ ಕಲಿಸಬೇಕು, ಇಷ್ಟೇ ಆ ಗುರುಗಳು ಬೇಡಿದ ದಕ್ಷಿಣೆಯಂತೆ. ಹೊನ್ನು ಹಸುಗಳನ್ನು ಬೇಡಿದ್ದರೆ ಎಲ್ಲಿಂದಲಾದರೂ ಕಾಡಿ ಬೇಡಿ ಒಮ್ಮೆಗೇ ತೀರಿಸಿಬಿಡಬಹುದಾಗಿತ್ತು. ಇದು ಹಾಗೆ ತೀರುವ ಸಾಲವಾಗಿರಲಿಲ್ಲ.

1925ರಲ್ಲಿ ನಾಮಗಿರಿಯಮ್ಮನವರೊಡನೆ ವಿವಾಹವಾಯಿತು. ದಕ್ಷಿಣೆಯ ಮೊದಲ ಭಾಗವು ಸಂದಿತು. ಎರಡನೆಯ ಭಾಗವು ಹೊಟ್ಟೆಗೆ ಹಿಟ್ಟಾಗಲಿಲ್ಲ. ಅಂದಿನ ಜನಕ್ಕೆ ಯೋಗವೆಂದರೆ ಬೈರಾಗಿಗಳ ಸೊತ್ತು. ಅದನ್ನು ಹಣ ಕೊಟ್ಟು ಕಲಿಯುವುದೆಂದರೆ ನಗೆಗೀಡಾಗುವ ಮಾತು. ಆದುದರಿಂದ ಆಚಾರ್ಯರು ಹಾಸನದ ಕಡೆಯ ಕಾಫಿತೋಟವೊಂದರಲ್ಲಿ ಆಳುಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಬೇಕಾಯಿತು. ಮೊಳಕಾಲ ಮೇಲಿನ ಚಡ್ಡಿ, ಅರ್ಧತೋಳಿನ ಅಂಗಿ, ಕಾಲಿಗೆ ಚೀಲವೂ ಬೂಟ್ಸೂ, ತಲೆಗೆ ಹ್ಯಾಟು, ಕೈಯಲ್ಲೊಂದು ಕೋಲು. ಅಂದಿನ ಅವರ ವೇಷವು ಇದೆಂದು ಅವರ ಭಾವಮೈದುನರೂ ಶಿಷ್ಯರೂ ಆದ ಬಿ. ಕೆ. ಎಸ್. ಅಯ್ಯಂಗಾರರು ಬಹುಕಾಲದ ಮೇಲೆ ನೆನೆದುಕೊಂಡಿದ್ದಾರೆ. ಊರ್ಧ್ವಪುಂಡ್ರದ ಹಣೆಯ ಮೇಲೆ ಹ್ಯಾಟನ್ನು ಕಂಡ ಬಂಧುಗಳು ಏನೆಂದುಕೊಂಡರೋ! ಕಾಶಿಯಲ್ಲಿ ವಾಕ್ಯಾರ್ಥ ಮಾಡಿದ ನಾಲಗೆ ಆಳುಗಳ ಹಾಜರಿಯನ್ನು ಕೂಗುತ್ತಿತ್ತು. ಆದರೂ ಬಿಡುವು ದೊರೆತಾಗಲೆಲ್ಲ ಊರೂರಿನಲ್ಲಿ ಉಪನ್ಯಾಸ ಮಾಡಿ, ಆಸನಗಳನ್ನು ತೋರಿಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ನಡೆದ ಅಂತಹ ಒಂದು ಪ್ರದರ್ಶನವನ್ನು ಕೌಶಿಕದ ಹನ್ನೆರಡು ವರ್ಷದ ಹುಡುಗನೊಬ್ಬನು ನೋಡಿದನು. ಮುಂದೆ ದೇಶಾಂತರಗಳಲ್ಲಿ ಹೆಸರುವಾಸಿಯಾದ ಪಟ್ಟಾಭಿ ಜೋಯಿಸರು ಅವರೇ.

1931ರ ಸುಮಾರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ದೃಷ್ಟಿ ಇವರ ಮೇಲೆ ಬಿದ್ದಿತು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳುವ ಅವಕಾಶವು ಒದಗಿತು. ಕಾಶಿಯ ವಿದ್ವಾಂಸನಿಗೆ ಇದಕ್ಕಿಂತ ಗೌರವದ ಸ್ಥಾನ ಯಾವುದು? ಬಂಧುಗಳಿಗೆ ಸಮಾಧಾನವಾಗಿರಬೇಕು. ಆದರೆ ಅದು ನಿಲ್ಲಲಿಲ್ಲ. ಆಚಾರ್ಯರ ಶಿಸ್ತು ಅತಿಯೆಂದು ವಿದ್ಯಾರ್ಥಿಗಳು ದೂರಿದರೆಂದು ಹೇಳುವುದುಂಟು. ಹೇಗೇ ಇರಲಿ, 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಪಾರ್ಶ್ವವನ್ನು ಮಹಾರಾಜರು ಯೋಗಶಾಲೆಗೆಂದು ಬಿಟ್ಟುಕೊಟ್ಟರು. ಪಂಡಿತರು ವ್ಯಾಸಪೀಠವನ್ನು ಬಿಟ್ಟು ಜಮಖಾನದ ಮೇಲಕ್ಕೆ ಬಂದರು. ಎದುರಿಗೆ ಕುಳಿತಿದ್ದವರು ಮೀಮಾಂಸೆಯ ವಿದ್ಯಾರ್ಥಿಗಳಲ್ಲ. ಹೆಚ್ಚಾಗಿ ಅರಸು ಮನೆತನಗಳ ಹುಡುಗರು, ಕೈಕಾಲು ನೆಟ್ಟಗೆ ನಿಲ್ಲದ ವಯಸ್ಸಿನವರು.

ಇಲ್ಲಿ ಒಂದು ಲೆಕ್ಕವನ್ನು ವಾಚಕರು ಗಮನಿಸಬೇಕು. ಪತಂಜಲಿಯ ಯೋಗಸೂತ್ರಗಳು ಒಟ್ಟು ಇನ್ನೂರಕ್ಕೆ ನಾಲ್ಕೈದು ಕಡಮೆ. ಅವುಗಳಲ್ಲಿ ಆಸನವನ್ನು ಹೇಳುವುವು ಮೂರೇ ಮೂರು. ಪಂಡಿತರಾದವರು ಆ ಮೂರನ್ನು ಒಂದು ಬೆಳಗಿನ ಪಾಠದಲ್ಲಿ ಮುಗಿಸಿ ಮುಂದಕ್ಕೆ ಹೋಗಬಹುದು. ಕೃಷ್ಣಮಾಚಾರ್ಯರು ಅವುಗಳಿಗೆ ತಮ್ಮ ಆಯುಷ್ಯವನ್ನೇ ವ್ಯಾಖ್ಯಾನವಾಗಿ ಬರೆದರು. ಬರೆದರೆಂದರೆ ಬರಿಯ ಅಲಂಕಾರವಲ್ಲ. 1934ರಲ್ಲಿ 'ಯೋಗಮಕರಂದ', 1941ರಲ್ಲಿ 'ಯೋಗಾಸನಗಳು', ಎರಡೂ ಕನ್ನಡದಲ್ಲಿಯೇ ಹೊರಬಂದುವು. ಲೋಕವೆಲ್ಲ ಇಂದು ಚಾಪೆ ಹಾಸಿ ಮಾಡುತ್ತಿರುವ ಅಭ್ಯಾಸದ ಮೂಲಪುಸ್ತಕಗಳಲ್ಲಿ ಎರಡು ನಮ್ಮ ನುಡಿಯಲ್ಲಿವೆ ಎಂಬುದನ್ನು ಕನ್ನಡಿಗರು ಎಷ್ಟು ಜನ ಬಲ್ಲರು?

ಶಬ್ದವನ್ನು ಕಲಿಸುವುದಕ್ಕೂ ಶರೀರವನ್ನು ಕಲಿಸುವುದಕ್ಕೂ ಇರುವ ಅಂತರವು ಸಾಮಾನ್ಯವಲ್ಲ. ಶಿಷ್ಯನು ವಿಭಕ್ತಿಯಲ್ಲಿ ತಪ್ಪಿದರೆ ಗುರುವು ಗದರಿಸಿ ತಿದ್ದಬಹುದು. ತಪ್ಪಿದ ವಿಭಕ್ತಿಯಿಂದ ಯಾರ ಮೊಳಕಾಲೂ ಉಳುಕುವುದಿಲ್ಲ. ದೇಹದ ಪಾಠದಲ್ಲಿ ಗುರುವಿನ ಆತುರಕ್ಕೆ ಶಿಷ್ಯನ ಮಾಂಸವು ದಂಡವನ್ನು ತೆರಬೇಕಾಗುತ್ತದೆ. ಅಯ್ಯಂಗಾರರ ಪ್ರಸಂಗವೇ ಇದಕ್ಕೆ ಸಾಕ್ಷಿ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ, ಮಲೇರಿಯ, ವಿಷಮಶೀತ, ಕ್ಷಯಗಳಿಂದ ಬಡಕಲಾಗಿದ್ದ ಆ ಹುಡುಗನು 1934ರಲ್ಲಿ ಮೈಸೂರಿಗೆ, ಅಕ್ಕನ ಮನೆಗೆ ಬಂದನು. ಮರುವರ್ಷ ಸಭೆಯೊಂದರ ಮುಂದೆ, ಎಂದೂ ಅಭ್ಯಾಸ ಮಾಡದಿದ್ದ ಹನುಮಾನಾಸನವನ್ನು ಮಾಡಿ ತೋರಿಸೆಂದು ಭಾವನ ಆಜ್ಞೆಯಾಯಿತು. ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ನೆಲದುದ್ದಕ್ಕೆ ಚಾಚಿ ಕುಳಿತುಕೊಳ್ಳುವ ಆಸನವದು. ಹುಡುಗನು ಮಾಡಿದನು, ತೊಡೆಯ ಹಿಂಬದಿಯ ಸ್ನಾಯುಗಳು ಹರಿದುವು, ಬಹುಕಾಲ ನಡೆಯುವುದೇ ಕಷ್ಟವಾಯಿತು. ಗುರುಭಕ್ತಿಯುಳ್ಳ ಅಯ್ಯಂಗಾರರು ಇದನ್ನು ಮುಚ್ಚಿಡದೆ ಹೇಳಿದ್ದಾರೆ. ಇಲ್ಲಿಯೂ ಮುಚ್ಚಿಡಬೇಕಾಗಿಲ್ಲ. ಆ ದಿನಗಳಲ್ಲಿ ಯೋಗಶಾಲೆಯು ನಡೆಯಬೇಕಾದರೆ ಜನವು ಬೆರಗಾಗಬೇಕಾಗಿತ್ತು. ನಾಡಿಯನ್ನು ನಿಲ್ಲಿಸುವುದು, ಓಡುವ ಮೋಟಾರನ್ನು ಕೈಯಿಂದ ತಡೆಯುವುದು, ಭಾರವನ್ನು ಹಲ್ಲಿನಿಂದ ಎತ್ತುವುದು, ಇವೆಲ್ಲ ಪ್ರಚಾರದ ಅಂಗವಾಗಿದ್ದುವು. ಮೀಮಾಂಸಕರು ಮೋಟಾರನ್ನು ತಡೆಯುವುದು ಶೋಭೆಯಲ್ಲವೆಂದು ಮೂಗು ಮುರಿಯಬಹುದು. ಶುಷ್ಕವಾದ ಉಪನ್ಯಾಸಕ್ಕೆ ಯಾರು ಬರುತ್ತಿದ್ದರು ಎಂದು ತಿರುಗಿ ಕೇಳಲೂಬಹುದು. ಬೆರಗುಗೊಳಿಸುವ ಹಂಬಲಕ್ಕೆ ಒಬ್ಬ ಹುಡುಗನ ಕಾಲು ಸಿಕ್ಕಿತೆಂಬುದು ಮಾತ್ರ ಉಳಿಯುತ್ತದೆ.

ಆ ಹುಡುಗನನ್ನೇ 1937ರಲ್ಲಿ ಪುಣೆಗೆ ಕಲಿಸಲು ಕಳುಹಿಸಿದರು. ಬಗ್ಗದ ಮೈಗೆ ಮರದ ಇಟ್ಟಿಗೆ, ಹಗ್ಗ, ಪಟ್ಟಿಗಳ ಆಸರೆಯನ್ನು ಕೊಟ್ಟು ಆಸನವನ್ನು ಸಾಧಿಸುವ ಕ್ರಮವನ್ನು ಅಯ್ಯಂಗಾರರು ಮುಂದೆ ಬೆಳೆಸಿದರು. ಅದರಲ್ಲಿ ಆ ಹರಿದ ಸ್ನಾಯುವಿನ ನೆನಪೂ ಸ್ವಲ್ಪ ಬೆರೆತಿರಲಾರದೆ?

ಈ ಕಾಲದಲ್ಲಿಯೇ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆಯು ಪ್ರಸಿದ್ಧವಾಗಿತ್ತು. ಅವರದು ವಿರುದ್ಧವಾದ ಪ್ರಯಾಣ. ಮಾಂಸಖಂಡಗಳನ್ನು ಕಡೆಯುವುದರಲ್ಲಿ ಹೆಸರಾದ ಮೇಲೆ ಅವರು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದು ಸಾಹಿತಿಗಳೆನಿಸಿದರು. ಗರಡಿಯಿಂದ ಗ್ರಂಥಕ್ಕೆ ಬಂದವರನ್ನು ನಾವು ಮೆಚ್ಚಿ ಕರೆಯುತ್ತೇವೆ; ಗ್ರಂಥದಿಂದ ಗರಡಿಗೆ ಹೋದವರನ್ನು ಕಂಡರೆ ಅಯ್ಯೋ ಪಾಪವೆನ್ನುತ್ತೇವೆ. ಅಂದು ಕೃಷ್ಣಮಾಚಾರ್ಯರಿಗೆ ಒಂದು ಭಾಗ್ಯವಿತ್ತು: ಮನೆಯಲ್ಲಿ ಅಯ್ಯೋ ಪಾಪವೆನ್ನುವವರಿರಲಿಲ್ಲ. 1938ರಲ್ಲಿ ತೆಗೆದ ಮೂಕಚಿತ್ರವೊಂದು ಈಗಲೂ ಉಳಿದಿದೆ. ಅದರಲ್ಲಿ ಆಚಾರ್ಯರೊಡನೆ ನಾಮಗಿರಿಯಮ್ಮನವರೂ ಮಕ್ಕಳೂ ಆಸನಗಳನ್ನು ಮಾಡುವುದನ್ನು ಕಾಣಬಹುದು.

1940ರಲ್ಲಿ ನಾಲ್ವಡಿಯವರು ಕಾಲವಾದರು. ಯೋಗಶಾಲೆಯು ಇನ್ನು ಹತ್ತು ವರ್ಷ ಉಸಿರು ಹಿಡಿದು, ರಾಜ್ಯಭಾರವು ಬದಲಾದ ಮೇಲೆ 1950ರಲ್ಲಿ ಮುಚ್ಚಿತು. ಅರವತ್ತು ದಾಟಿದ ವಯಸ್ಸಿನಲ್ಲಿ, ದೊಡ್ಡ ಸಂಸಾರವನ್ನು ಕಟ್ಟಿಕೊಂಡು, ವೃತ್ತಿಯನ್ನು ಮೊದಲಿನಿಂದ ಆರಂಭಿಸಬೇಕಾಗಿ ಬಂದಿತು. ಬೇರೆಯವರು ಆ ವಯಸ್ಸಿನಲ್ಲಿ ಪಿಂಚಣಿಯನ್ನು ಎಣಿಸಿಕೊಂಡು ಜಗಲಿಯ ಮೇಲೆ ಕುಳಿತಿರುತ್ತಾರೆ. ಪಕ್ಷವಾತಕ್ಕೆ ಸಿಕ್ಕಿದ್ದ ನ್ಯಾಯವೇತ್ತರೊಬ್ಬರ ಆರೈಕೆಗಾಗಿ ಕರೆ ಬಂದುದರಿಂದ 1952ರಲ್ಲಿ ಅವರು ಮದರಾಸಿಗೆ ನೆಲೆಯನ್ನು ಬದಲಾಯಿಸಿದರು.

ಮೈಸೂರಿನ ಗುರುವಿಗೂ ಮದರಾಸಿನ ಗುರುವಿಗೂ ಇರುವ ವ್ಯತ್ಯಾಸವೇ ಈ ಕಥೆಯ ಸಾರಭಾಗ. ಮೈಸೂರಿನಲ್ಲಿ ಅವರೆದುರಿಗೆ ಇದ್ದುದು ಎಳೆಯ ಹುಡುಗರ ಸಾಲು; ಒಂದೇ ಆಜ್ಞೆಗೆ ಎಲ್ಲರೂ ನೆಗೆಯಬಲ್ಲವರು. ಮದರಾಸಿನಲ್ಲಿ ಬಂದವರು ಸೊಂಟನೋವಿನವರು, ಉಬ್ಬಸದವರು, ನಿದ್ರೆಯಿಲ್ಲದವರು, ಮುದುಕರು, ಬಾಣಂತನ ಮುಗಿಸಿದ ಗೃಹಿಣಿಯರು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ, ನಾಡಿ ಹಿಡಿದು, ಉಸಿರನ್ನು ಗಮನಿಸಿ, ಅವರವರಿಗೆ ತಕ್ಕುದನ್ನು ಮಾತ್ರ ಕಲಿಸತೊಡಗಿದರು. ಅವರ ಮಗ ದೇಶಿಕಾಚಾರ್ಯರು ಈ ಕ್ರಮಕ್ಕೆ ಕೆಲಕಾಲ 'ವಿನಿಯೋಗ'ವೆಂಬ ಹೆಸರನ್ನು ಬಳಸಿದರು. ಯೋಗಸೂತ್ರದಲ್ಲಿಯೂ ಆ ಶಬ್ದವುಂಟು. ಆದರೆ ಮೀಮಾಂಸೆಯನ್ನು ಓದಿದವರ ಕಿವಿಗೆ ಅದು ಇನ್ನೊಂದು ಬಗೆಯಾಗಿ ಕೇಳಿಸುತ್ತದೆ. ಯಾವ ಅಂಗವು ಯಾವ ಪ್ರಧಾನಕರ್ಮಕ್ಕೆ ಸೇರತಕ್ಕುದೆಂದು ತಿಳಿಸುವ ವಿಧಿಗೆ ವಿನಿಯೋಗವಿಧಿಯೆಂದು ಹೆಸರು. ಶ್ರುತಿ, ಲಿಂಗ, ವಾಕ್ಯವೇ ಮೊದಲಾದ ಆರು ಪ್ರಮಾಣಗಳಿಂದ ಅದನ್ನು ನಿಶ್ಚಯಿಸುವ ಪ್ರಕರಣವನ್ನು ವಿದ್ಯಾರ್ಥಿಗಳು ಬೆವರು ಸುರಿಸಿ ಕಲಿಯುತ್ತಾರೆ. ಯಜ್ಞದ ಅಂಗಗಳಲ್ಲಿ ಯಾವುದು ಯಾವುದಕ್ಕೆ ಎಂದು ವಿಚಾರಿಸಿದ ಬುದ್ಧಿಯೇ, ಈ ಸೊಂಟಕ್ಕೆ ಯಾವ ಆಸನ, ಈ ಉಸಿರಿಗೆ ಯಾವ ಪ್ರಾಣಾಯಾಮವೆಂದು ವಿಚಾರಿಸಿತು. ಪಾಠಶಾಲೆಯನ್ನು ಬಿಟ್ಟರೆಂದು ಜನರು ಹೇಳಿದರು; ಅವರು ಬಿಟ್ಟುದು ಅದರ ಬೆಂಚನ್ನು ಮಾತ್ರ. ಆದರೆ ಆ ಓದು ಹೀಗೆ ಫಲಕ್ಕೆ ಬರಬೇಕಾದರೆ ರೋಗಿಗಳೂ ಮುದುಕರೂ ಬಂದು ಅವರ ವೇಗವನ್ನು ತಡೆಯಬೇಕಾಯಿತು.

ದೇಶಿಕಾಚಾರ್ಯರ ಕಥೆಯಂತೂ ಮೊದಲು ಹೇಳಿದ ತಾಯಿತಂದೆಗಳ ಕಣ್ಣೀರಿಗೆ ತೀರ ಹತ್ತಿರದ್ದು. 1938ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಇಂಜಿನಿಯರಿಂಗ್ ಓದಿ ಪದವಿ ಪಡೆದವರು. ದೂರದ ಉತ್ತರದೇಶದಲ್ಲಿ ಒಳ್ಳೆಯ ಕೆಲಸವೂ ಗೊತ್ತಾಗಿತ್ತು. ಹೊರಡುವ ಮುನ್ನ ತಂದೆಯ ಮನೆಗೆ ಬಂದಿದ್ದಾಗ, ಒಂದು ದಿನ ಬಾಗಿಲ ಮುಂದೆ ಕಾರೊಂದು ನಿಂತಿತು. ಪರದೇಶದ ಹೆಂಗಸೊಬ್ಬಳು ಇಳಿದು ಓಡಿಬಂದು, ಆ ವೈದಿಕವೃದ್ಧರನ್ನು ಎಲ್ಲರೆದುರಿಗೇ ತಬ್ಬಿಕೊಂಡಳು! ಮಗನು ದಂಗಾದನು. ವರ್ಷಗಟ್ಟಲೆ ಗುಳಿಗೆಯಿಲ್ಲದೆ ಕಣ್ಣು ಮುಚ್ಚದಿದ್ದ ಆಕೆಗೆ ಹಿಂದಿನ ರಾತ್ರಿ ತಾನಾಗಿ ನಿದ್ರೆ ಬಂದಿತ್ತಂತೆ. ಇಂಗ್ಲಿಷ್ ಬಾರದ ತಂದೆಯು ಶ್ರೀಮಂತಳಾದ ಪರದೇಶದವಳಿಗೆ ಯಾವ ಯಂತ್ರದಿಂದಲೂ ದೊರೆಯದುದನ್ನು ಕೊಟ್ಟರಲ್ಲ ಎಂದು ಯೋಚಿಸಿ, ಮಗನು ಕೆಲಸವನ್ನು ಬಿಟ್ಟು ತನಗೂ ಕಲಿಸೆಂದು ಕೇಳಿದನು. ತಂದೆ ಹಿಗ್ಗಲಿಲ್ಲ. ಈ ವೃತ್ತಿಯ ಬಡತನವನ್ನು ಕಾಫಿತೋಟದಿಂದ ಕಂಡವರು ಅವರು. ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು ಪಾಠಕ್ಕೆ ಬರಬೇಕೆಂದು ವಿಧಿಸಿ, ಹುಡುಗನ ಛಲವನ್ನು ಪರೀಕ್ಷಿಸಿದ ಮೇಲೆಯೇ ಕಲಿಸಲು ಮೊದಲುಮಾಡಿದರು. 1976ರಲ್ಲಿ ಆ ಮಗನು ತಂದೆಯ ಹೆಸರಿನಲ್ಲಿ ಯೋಗಮಂದಿರವನ್ನು ಸ್ಥಾಪಿಸಿದನು.

ಆಚಾರ್ಯರಿಗೆ ತೊಂಬತ್ತಾರು ವರ್ಷವಾಗಿದ್ದಾಗ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯನ್ನು ಅವರು ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ತಾವೇ ಗೊತ್ತುಮಾಡಿಕೊಂಡರು. ಹಿಂದೊಮ್ಮೆ ಸಭೆಯ ಮುಂದೆ ಎಳೆಯ ಹುಡುಗನ ಕಾಲುಗಳನ್ನು ನೆಲಕ್ಕೆ ಚಾಚಿಸಿದ್ದ ಗುರುವು, ಈಗ ಮಿಸುಕಲಾರದ ಒಬ್ಬ ಮುದುಕನಿಗೆ ಎಷ್ಟು ತಕ್ಕುದೋ ಅಷ್ಟನ್ನೇ ಅಳೆದು ಕಲಿಸಬೇಕಾಗಿತ್ತು. ಆ ಶಿಷ್ಯನೂ ತಾವೇ. 1989ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಅವರು ತೀರಿಕೊಂಡರು.