ಕೂನೂರಿಗೆ ಬರುವವರಿಗೆ ನಾಲ್ಕು ಮಾತು

"ಊಟಿಗೆ ಬರುತ್ತಿದ್ದೇವೆ, ದಾರಿಯಲ್ಲಿ ಕೂನೂರಿನಲ್ಲೂ ಒಂದು ಗಳಿಗೆ ಇಳಿದು ನಿಮ್ಮನ್ನು ನೋಡಿಕೊಂಡು ಹೋಗುತ್ತೇವೆ." ಏಪ್ರಿಲ್ ತಿಂಗಳು ಹುಟ್ಟಿತೆಂದರೆ ಚೆನ್ನೈ, ಪುಣೆ, ಮುಂಬಯಿಗಳಿಂದ ನಮ್ಮ ಬಂಧುಬಳಗದ ಫೋನುಗಳು ಈ ಮಾತಿನಿಂದಲೇ ಆರಂಭವಾಗುತ್ತವೆ. ನಾವು ಈ ಊರಿನಲ್ಲಿ ಮನೆ ಮಾಡಿ ಮೂವತ್ತು ವರ್ಷ ದಾಟಿತು. ಈ ಒಂದು ಗಳಿಗೆಯ ಬಂಧುಗಳನ್ನು ಎಷ್ಟು ಸಲ ಎದುರುಗೊಂಡೆವೋ, ಎಷ್ಟು ಸಲ ಬೀಳ್ಕೊಟ್ಟೆವೋ ಲೆಕ್ಕವಿಲ್ಲ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಪತ್ರಿಕೆಯಲ್ಲೇ ಬರೆದುಬಿಡುವುದು ಮೇಲೆಂದು ತೋರಿತು.

ಮೊದಲು ನಮ್ಮ ಷಡ್ಡಕರ ಪಾಡನ್ನು ಹೇಳಬೇಕು. ಮುಂಬಯಿಯವರು. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳೊಡನೆ ಮೇ ತಿಂಗಳ ಒಂದು ಶನಿವಾರ ಕೊಯಮತ್ತೂರಿನಲ್ಲಿ ರೈಲಿಳಿದು ಬಾಡಿಗೆ ಕಾರಿನಲ್ಲಿ ಘಾಟಿ ಹತ್ತಿದರು. ಮೇಟ್ಟುಪಾಳ್ಯದಿಂದ ನಮ್ಮೂರಿಗೆ ಹದಿನಾಲ್ಕು ಕಡಿದಾದ ತಿರುವುಗಳು. ಏಳನೆಯ ತಿರುವಿನಲ್ಲಿ ಕಾರುಗಳ ಸಾಲು ನಿಂತಿತು. ಒಂಬತ್ತನೆಯದರಲ್ಲಿ ಹುಡುಗಿ ವಾಂತಿ ಮಾಡಿಕೊಂಡಳು. ನಮ್ಮ ಮನೆ ಮುಟ್ಟುವಾಗ ಮೂರು ಗಂಟೆ ಮಧ್ಯಾಹ್ನ. ಕಾಫಿ ಕುಡಿದರು, ಸಿಮ್ಸ್ ಪಾರ್ಕಿನ ಬಾಗಿಲಿನ ಮುಂದೆ ಫೋಟೋ ತೆಗೆಸಿಕೊಂಡರು, ಊಟಿಯಲ್ಲಿ ಕೋಣೆ ಕಾದಿದೆಯೆಂದು ಹೊರಟರು. "ನಿಮ್ಮೂರು ಬರೀ ಬಸ್ಸು, ಗಲಾಟೆ ಕಣಯ್ಯಾ" ಎಂದು ಷಡ್ಡಕರು ತೀರ್ಪು ಕೊಟ್ಟದ್ದೂ ಆಯಿತು.

ಅವರ ಮಾತು ಸುಳ್ಳಲ್ಲ. ಕೂನೂರು ಬೆಟ್ಟದ ಮೇಲಿನ ಊರೆಂದು ಹೆಸರು. ಪೇಟೆ ಮಾತ್ರ ಗುಂಡಿಯಲ್ಲಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆ ಎಲ್ಲವೂ ಹೊಳೆಯ ಪಕ್ಕದ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಬಿದ್ದಿವೆ. ಕಾರಿನಿಂದ ಬಂದವನಿಗೆ ಕಾಣುವುದು ಆ ಗುಂಡಿಯೊಂದೇ. ಅಲ್ಲಿಂದ ಮೆಟ್ಟಿಲು ಹಿಡಿದು ಮೇಲ್ ಕೂನೂರಿಗೆ ಏರತಕ್ಕದ್ದು. ಇಪ್ಪತ್ತು ನಿಮಿಷ ಉಸಿರು ಬಿಟ್ಟುಕೊಂಡು ಹತ್ತಿದರೆ ಹೆಂಚಿನ ಮನೆಗಳು, ಬೇಲಿಯಾಚೆಯ ಚಹಾ ತೋಟ, ಎದುರಿನ ಬೆಟ್ಟದ ಮೇಲೆ ಜಾರುವ ಮಂಜು ಕಾಣಸಿಗುತ್ತವೆ. ಸಮುದ್ರಮಟ್ಟದಿಂದ ಸುಮಾರು ೧,೮೫೦ ಮೀಟರ್ ಎತ್ತರ. ಊಟಿ ಇದಕ್ಕಿಂತ ಮುನ್ನೂರೆಂಬತ್ತು ಮೀಟರಿನಷ್ಟು ಮೇಲಿದೆ. ಆದ್ದರಿಂದ ಅಲ್ಲಿಯ ಚಳಿಗೆ ಮುದುಕರು ಮುದುಡಿದರೆ ಇಲ್ಲಿ ಒಂದು ಸ್ವೆಟರಿನಲ್ಲಿ ಸಂಸಾರ ನಡೆಯುತ್ತದೆ.

ಕಾರನ್ನು ಬಿಡಿ. ಇದು ನಮ್ಮ ಮೊದಲನೆಯ ಮಾತು. ಮದರಾಸು ಹೈಕೋರ್ಟಿನ ಆದೇಶದಂತೆ ೨೦೨೪ರ ಮೇ ತಿಂಗಳಿನಿಂದ ನೀಲಗಿರಿಗೆ ಬರುವ ಹೊರಜಿಲ್ಲೆಯ ವಾಹನಗಳಿಗೆ ಇ-ಪಾಸ್ ನಿಯಮ ಬಂದಿತು. ಬಸ್ಸಿಗೂ ರೈಲಿಗೂ ಆ ಕಾಟವಿಲ್ಲ. ಚೆನ್ನೈಯವರಿಗಂತೂ ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಮೇಟ್ಟುಪಾಳ್ಯ. ಎದುರಿನ ಪ್ಲಾಟ್‌ಫಾರಂನಲ್ಲೇ ಗುಡ್ಡದ ರೈಲು. ಈ ರೈಲು ೧೮೯೯ರಲ್ಲಿ ಕೂನೂರಿನವರೆಗೆ ಬಂದಿತು, ೧೯೦೮ರಲ್ಲಿ ಊಟಿ ಮುಟ್ಟಿತು. ಯುನೆಸ್ಕೋದವರು ೨೦೦೫ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಗರಗಸದಂತೆ ಹಲ್ಲುಳ್ಳ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಕಚ್ಚಿ ಹತ್ತುತ್ತದೆ. ಎಂಜಿನ್ನು ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ದೂಡುತ್ತದೆ. ಮುಂದಿನ ಡಬ್ಬಿಯವರಿಗೆ ಹೊಗೆ ಕಡಿಮೆ, ನೋಟ ಹೆಚ್ಚು. ಊಟಿಯವರೆಗಿನ ೪೬ ಕಿಲೋಮೀಟರಿನಲ್ಲಿ ಹದಿನಾರು ಸುರಂಗಗಳು, ಇನ್ನೂರೈವತ್ತು ಸೇತುವೆಗಳು. ಸುರಂಗ ಬಂದಾಗಲೆಲ್ಲ ಹುಡುಗರು ಕೂಗುವುದು ಸಂಪ್ರದಾಯ. ಹಿರಿಯರೂ ಕೂಗುವುದನ್ನು ಕಂಡಿದ್ದೇವೆ. ಸೀಟು ಮೊದಲೇ ಕಾದಿರಿಸದಿದ್ದರೆ ಸಿಗುವುದು ಕಷ್ಟ. ಎಲ್ಲರೂ ಊಟಿಯವರೆಗೆ ಹೋಗುತ್ತಾರೆ. ನೀವು ಕೂನೂರಿನಲ್ಲಿ ಇಳಿಯಿರಿ. ಉಗಿಬಂಡಿಯ ಸೊಗಸು ಇಲ್ಲಿಗೇ ಮುಗಿಯುತ್ತದೆ, ಮುಂದೆ ಡೀಸೆಲ್ ಎಂಜಿನ್ನು.

ಯಾವಾಗ ಬರಬೇಕೆಂಬುದು ಇನ್ನೂ ಮುಖ್ಯ. ನಾಡಿಗೆಲ್ಲ ಜೂನಿನಲ್ಲಿ ಮಳೆಗಾಲವೆಂದು ನಮ್ಮ ಜನ ಇಲ್ಲಿಗೂ ಅದೇ ಲೆಕ್ಕ ಹಾಕುತ್ತಾರೆ. ಕೂನೂರು ದೊಡ್ಡಬೆಟ್ಟದ ಸಾಲಿನ ಪೂರ್ವದ ಇಳಿಜಾರಿನಲ್ಲಿದೆ. ಮುಂಗಾರು ಆ ಕಡೆಯ ಗೂಡಲೂರಿನಲ್ಲಿ ಸುರಿದು ಬರಿದಾಗಿ ನಮಗೆ ತುಂತುರು ಮಾತ್ರ ಕಳಿಸುತ್ತದೆ. ನಮ್ಮ ನಿಜವಾದ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಬಂಗಾಳ ಕೊಲ್ಲಿಯ ಕಡೆಯಿಂದ. ದೀಪಾವಳಿಯ ರಜೆಯೂ ಸಾಮಾನ್ಯವಾಗಿ ಆಗಲೇ ಬೀಳುತ್ತದೆ, ಬಂಧುಗಳೂ ಆಗಲೇ ಹೊರಡುತ್ತಾರೆ! ೨೦೦೯ರ ನವೆಂಬರಿನಲ್ಲಿ ಸುರಿದ ಮಳೆಗೆ ಕೂನೂರು, ಕೇತಿ ಸುತ್ತಿನ ಗುಡ್ಡಗಳು ಜರಿದು ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೀದಿಯ ಕೆಳಗಿನ ತಡೆಗೋಡೆ ಆ ರಾತ್ರಿ ಕುಸಿದ ಸದ್ದು ಇಂದಿಗೂ ಕಿವಿಯಲ್ಲಿದೆ. ಬೆಳಗಾಗುವವರೆಗೆ ಚಪ್ಪಲಿ ಮೆಟ್ಟಿಕೊಂಡೇ ಕುಳಿತಿದ್ದೆವು. ರೈಲು ಹಳಿಯೂ ಕೊಚ್ಚಿಹೋಗಿ ತಿಂಗಳುಗಟ್ಟಲೆ ಸಂಚಾರವಿರಲಿಲ್ಲ. ಆ ತಿಂಗಳುಗಳಲ್ಲಿ ಬರುವೆವೆಂದರೆ ನಾವು ಬೇಡವೆನ್ನುತ್ತೇವೆ. ನೆಂಟರು ಮುನಿಸಿಕೊಂಡರೂ ಚಿಂತೆಯಿಲ್ಲ. ಜನವರಿ, ಫೆಬ್ರುವರಿ ಚೆನ್ನ. ಮಕ್ಕಳ ಶಾಲೆಯ ಕಟ್ಟುಪಾಡಿದ್ದರೆ ಮೇ ಕಳೆದು ಜೂನ್ ಮೊದಲ ವಾರ ಬನ್ನಿ. ತಮಿಳುನಾಡಿನ ಶಾಲೆಗಳು ತೆರೆಯುವ ಹೊತ್ತಿಗೆ ಗದ್ದಲ ಇಳಿಯುತ್ತದೆ. ಮುಂಬಯಿಯ ಮಕ್ಕಳಿಗೆ ಇನ್ನೂ ರಜೆ ಉಳಿದಿರುತ್ತದೆ.

ಷಡ್ಡಕರು ಮರುವರ್ಷ ಹಾಗೆಯೇ ಬಂದರು, ನಾಲ್ಕು ರಾತ್ರಿ ಉಳಿದರು. ಅವರಿಗೆ ನಾವು ತೋರಿಸಿದ್ದನ್ನೇ ನಿಮಗೂ ಹೇಳುತ್ತೇವೆ.

ಸಿಮ್ಸ್ ಪಾರ್ಕು ೧೮೭೪ರಲ್ಲಿ ಆದದ್ದು. ಊಟಿಯ ತೋಟದಂತೆ ಹಾಸಿದ ಹುಲ್ಲಲ್ಲ. ಕಣಿವೆಯ ಎರಡು ಮಗ್ಗುಲನ್ನೂ ಹಾಗೆಯೇ ಬಿಟ್ಟು ಮರ ಬೆಳೆಸಿದ್ದಾರೆ. ಅಲ್ಲೊಂದು ರುದ್ರಾಕ್ಷಿ ಮರವುಂಟು, ನಮ್ಮ ಅಕ್ಕ ಅದನ್ನು ಕಂಡು ಕೈಮುಗಿದರು. ಎದುರಿಗೇ ಪಾಸ್ಚರ್ ಸಂಸ್ಥೆ, ೧೯೦೭ರಿಂದ ಇದೆ. ಹುಚ್ಚುನಾಯಿ ಕಡಿತದ ಚುಚ್ಚುಮದ್ದಿಗೆ ದಕ್ಷಿಣದ ಜನಕ್ಕೆ ಎಷ್ಟೋ ಕಾಲ ಇದೇ ದಿಕ್ಕಾಗಿತ್ತು. ಲ್ಯಾಂಬ್ಸ್ ರಾಕ್, ಡಾಲ್ಫಿನ್ಸ್ ನೋಸ್ ಎಂಬ ಬಂಡೆಗಳಿಗೆ ಬೆಳಗ್ಗೆ ಒಂಬತ್ತರೊಳಗೆ ಹೋದರೆ ಕೆಳಗಿನ ಬಯಲೆಲ್ಲ ಕಾಣುತ್ತದೆ. ಹನ್ನೊಂದಕ್ಕೆ ಹೋದವರು ಹತ್ತಿಯಂಥ ಮಂಜನ್ನು ನೋಡಿ ಬರುತ್ತಾರೆ. ಕಾಲಲ್ಲಿ ಶಕ್ತಿಯಿರುವವರು ಹುಲಿಕಲ್ ದುರ್ಗಕ್ಕೆ ನಡೆಯಿರಿ. ಟಿಪ್ಪುವಿನ ಕಾಲದ ಕಾವಲು ಠಾಣ್ಯವೆಂದು ಹೇಳುತ್ತಾರೆ, ಈಗ ಉಳಿದಿರುವುದು ಗೋಡೆಯ ತುಂಡು.

ಎರಡು ಎಚ್ಚರಿಕೆ. ಕುಡಿಯುವ ನೀರಿನ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಜಿಲ್ಲೆಯಲ್ಲಿ ೨೦೧೯ರಲ್ಲೇ ನಿಷೇಧ ಬಂತು. ಮನೆಯಿಂದ ಸ್ಟೀಲಿನ ಬಾಟಲಿ ತನ್ನಿ. ಇನ್ನೊಂದು, ಕಾಡುಕೋಣ. ಚಹಾ ತೋಟದಲ್ಲಿ, ಕೆಲವೊಮ್ಮೆ ಬೀದಿಯಲ್ಲಿಯೇ, ಹಸುವಿನಂತೆ ಮೇಯುತ್ತ ನಿಂತಿರುತ್ತದೆ. ಸಾಧುವೆಂದು ಫೋಟೋ ತೆಗೆಯಲು ಹತ್ತಿರ ಹೋಗಬಾರದು. ಕತ್ತಲಾದ ಮೇಲೆ ಕರಡಿಯೂ ಉಂಟು, ಸಂಜೆ ಆರಕ್ಕೆ ಮನೆ ಸೇರುವುದು ಕ್ಷೇಮ.

ಇವೆಲ್ಲ ಯಾವ ಪುಸ್ತಕದಲ್ಲಾದರೂ ಸಿಕ್ಕೀತು. ನಾವು ಹೇಳಬೇಕೆಂದಿರುವುದು ಬೇರೆ. ದೊಡ್ಡಬೆಟ್ಟ, ಹುಲಿಕಲ್ಲು — ಈ ಹೆಸರುಗಳು ನಿಮ್ಮ ಕಿವಿಗೆ ಏನನ್ನಾದರೂ ಹೇಳಿದವೇ? ಇಲ್ಲಿಯ ಬಡಗರು ಬಡಗಣ ದಿಕ್ಕಿನಿಂದ, ಎಂದರೆ ಮೈಸೂರು ಸೀಮೆಯ ಕಡೆಯಿಂದ ಬಂದವರೆಂಬುದು ಅವರ ಹೆಸರಿನಲ್ಲೇ ಇದೆ. ಅವರ ನುಡಿ ಕನ್ನಡವಲ್ಲ, ಅದು ಬೇರೆ ಭಾಷೆಯೆಂದು ಬಲ್ಲವರು ಹೇಳುತ್ತಾರೆ. ಹಾಗೆಂದು ಅವರಿಗೂ ಅಭಿಮಾನ. ಆದರೆ ತಮಿಳಿನ ಪಾಲು ಅವರಿಗೂ ಹಾಲೇ. ಊರು ಹಟ್ಟಿ, ಮನೆ ಮನೆಯೇ, ಹಬ್ಬ ಹಬ್ಬವೇ. ಚಳಿಗಾಲದಲ್ಲಿ ಹೆತ್ತೆ ಎಂಬ ತಾಯಿಯ ಹಬ್ಬಕ್ಕೆ ಬಿಳಿಬಟ್ಟೆಯುಟ್ಟ ಸಾವಿರಾರು ಜನ ಸೇರುತ್ತಾರೆ.

ಷಡ್ಡಕರ ಮೊಮ್ಮಗಳು ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವವಳು. ಅರ್ಥವಾಗುತ್ತದೆ, ಬಾಯಿ ಬರುವುದಿಲ್ಲ. ಈ ಸಂಗತಿ ಓದುಗರ ಮನೆಗಳಲ್ಲಿ ಅಪರಿಚಿತವಲ್ಲ. ಮೂರನೆಯ ದಿನ ನಾವು ಅವಳನ್ನು ಕರೆದುಕೊಂಡು ಕೇತಿ ಕಣಿವೆಯ ಒಂದು ಹಟ್ಟಿಗೆ ಹೋದೆವು. ಅಲ್ಲಿ ನಮಗೆ ಚಹಾ ಸೊಪ್ಪಿನ ಸಣ್ಣ ಬೆಳೆಗಾರರೊಬ್ಬರ ಪರಿಚಯ. ಅಂಗಳದಲ್ಲಿ ಅವರ ತಾಯಿ, ಬಿಳಿಯ ಬಟ್ಟೆ ಹೊದ್ದು ಬಿಸಿಲಿಗೆ ಕುಳಿತಿದ್ದರು. ಹುಡುಗಿಯನ್ನು ನೋಡಿ, "ಒಳ್ಳೆಂಗೆ ಇದ್ದೆಯಾ?" ಎಂದರು.

ಹುಡುಗಿ ನಮ್ಮ ಮುಖ ನೋಡಿದಳು. "ಚಿಕ್ಕಜ್ಜಾ, ಇವರು ನಮ್ಮವರಾ?" ಎಂದು ಪಿಸುಗುಟ್ಟಿದಳು, ಕನ್ನಡದಲ್ಲಿ! ಆಮೇಲೆ ಮುದುಕಿಯ ಕಡೆ ತಿರುಗಿ ಜೋರಾಗಿ, "ಚೆನ್ನಾಗಿದೀನಿ ಅಜ್ಜಿ" ಎಂದಳು. ಅಜ್ಜಿ ನಕ್ಕರು. ಒಳಗಿನಿಂದ ಎಣ್ಣೆಹಿಟ್ಟು ತರಿಸಿ ಹುಡುಗಿಯ ಕೈಗಿಟ್ಟರು. ಒಂದು ಗಂಟೆಯ ಕಾಲ ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ಹರಟಿದರು. ಅರ್ಧ ತಪ್ಪಿಹೋಗಿರಬೇಕು, ಯಾರಿಗೂ ಅದರ ಚಿಂತೆಯಿರಲಿಲ್ಲ.

ಹೊರಡುವಾಗ ಅಜ್ಜಿ ನಮ್ಮಾಕೆಯ ಕೈಹಿಡಿದು ಹೇಳಿದ ಮಾತಿನ ಸಾರ ಇದು: ತನ್ನ ಮೊಮ್ಮಕ್ಕಳು ಕೊಯಮತ್ತೂರಿನಲ್ಲಿ ಓದುತ್ತಾರೆ, ಮನೆಗೆ ಬಂದರೂ ತಮಿಳು, ಇಂಗ್ಲಿಷು, ಚಹಾ ಸೊಪ್ಪಿಗೆ ಬೆಲೆಯಿಲ್ಲ, ಅವರಿನ್ನು ಹಟ್ಟಿಗೆ ಬಂದು ನಿಲ್ಲುವುದಿಲ್ಲ, ಇಂದು ತನ್ನ ಮಾತಿಗೆ ಉತ್ತರ ಕೊಟ್ಟ ಮಗು ನಿಮ್ಮದು. ಏನು ಹೇಳಬೇಕೆಂದು ನಮಗೆ ತೋಚಲಿಲ್ಲ. ಷಡ್ಡಕರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಹಟ್ಟಿಗಳು ಪ್ರೇಕ್ಷಣೀಯ ಸ್ಥಳವಲ್ಲವೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಪರಿಚಯದವರಿಲ್ಲದೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಪೇಟೆಯಲ್ಲಿ ಚಹಾ ಕೊಳ್ಳುವಾಗ, ಬಸ್ಸಿನಲ್ಲಿ ಪಕ್ಕ ಕುಳಿತಾಗ ಕನ್ನಡದಲ್ಲಿ ಮೆಲ್ಲಗೆ ಮಾತಾಡಿ ನೋಡಿ. ಬಡಗರಾಗಿದ್ದರೆ ತಾವೇ ತಿರುಗಿ ನೋಡುತ್ತಾರೆ. ಚಹಾಪುಡಿಯನ್ನು ಬಣ್ಣಬಣ್ಣದ ಡಬ್ಬಿಯ ಅಂಗಡಿಯಲ್ಲಿ ಕೊಳ್ಳುವ ಬದಲು ಸಣ್ಣ ಬೆಳೆಗಾರರ ಸಹಕಾರಿ ಒಕ್ಕೂಟವಾದ ಇಂಡ್ಕೋಸರ್ವ್ ಮಳಿಗೆಯಲ್ಲಿ ಕೊಂಡರೆ ನಮಗೆ ಸಂತೋಷ. ವರ್ಕಿಯನ್ನು ಬೇಕರಿಯಲ್ಲಿ ಬಿಸಿಯಾಗಿರುವಾಗಲೇ ಕೊಂಡು ಚಹಾದಲ್ಲಿ ಅದ್ದಿ ತಿನ್ನತಕ್ಕದ್ದು; ಮುಂಬಯಿಗೆ ಕಟ್ಟಿಕೊಂಡು ಹೋದರೆ ಪುಡಿಯೇ ಗತಿ.

ಷಡ್ಡಕರ ಮೊಮ್ಮಗಳು ಈಗ ಭಾನುವಾರ ಫೋನು ಮಾಡಿದಾಗ ಮೊದಲು ಕೇಳುವುದು, "ಅಜ್ಜಿ ಒಳ್ಳೆಂಗೆ ಇದ್ದಾರಾ?" ಎಂದು. ಇದ್ದಾರೆ. ಜೂನಿಗೆ ಬರುವಳಂತೆ, ರೈಲಿನಲ್ಲಿ.