ಗಾಡಿ ಚಾವಿ

ತರಬೇತಿಯ ಎರಡನೆಯ ದಿನ ನಮಗೆಲ್ಲ ಒಂದೊಂದು ಬಿಳಿ ಹಾಳೆ ಕೊಟ್ಟರು. ನಡುವೆ ಕುಡಿತ ಬಿಡಬೇಕಾದವರ ಹೆಸರು ಬರೆದು, ಸುತ್ತಲೂ ಅವರ ಬದುಕಿನಲ್ಲಿರುವವರನ್ನೆಲ್ಲ ಬರೆಯಿರಿ ಎಂದರು. ಹತ್ತಿರದವರು ಹತ್ತಿರ, ದೂರದವರು ದೂರ. ಉಳಿದವರು ಯಾರೋ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ಬರೆಯತೊಡಗಿದರು. ನಾನು ‘ಅಪ್ಪ’ ಎಂದು ಬರೆದೆ.

ನನ್ನ ಪಿಎಚ್.ಡಿ ವಿಷಯವೇ ಇದು. ವ್ಯಸನಕ್ಕೆ ಚಿಕಿತ್ಸೆ ಕೊಡುವವರಿಗೆ, ರೋಗಿಯ ಮನೆಯವರನ್ನೂ ಗೆಳೆಯರನ್ನೂ ಜೊತೆಗೆ ಕೂಡಿಸಿಕೊಳ್ಳುವುದನ್ನು ಹೇಗೆ ಕಲಿಸಬೇಕು ಎಂಬುದು. ಈ ವಿಷಯ ಯಾಕೆ ಎಂದು ಗೈಡ್ ಕೇಳಿದಾಗ ನಾಲ್ಕು ಪುಸ್ತಕಗಳ ಹೆಸರು ಹೇಳಿ ಪಾರಾಗಿದ್ದೆ. ನಮ್ಮೂರು ಮುದಗಲ್, ಅಪ್ಪ ಟಂಟಂ ಓಡಿಸುತ್ತಾನೆ, ಎಂಟು ವರ್ಷದವಳಿದ್ದಾಗಿನಿಂದ ಅವನನ್ನು ಅಂಗಡಿಯಿಂದ ಕರೆತರುವ ಕೆಲಸ ನನ್ನದಾಗಿತ್ತು ಎಂದು ಹೇಳಲಿಲ್ಲ. “ನೀ ಹೋದ್ರ ಬರ್ತಾನ” ಅನ್ನುತ್ತಿದ್ದಳು ಅವ್ವ. ಬರುತ್ತಿದ್ದ ಕೂಡ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಅವತ್ತು ಅವ್ವ ಹೋಳಿಗೆ ಮಾಡಿದ್ದಳು. ವಾರ ಕಳೆಯುವುದರೊಳಗೆ ಅಪ್ಪ ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಬಾಟಲಿಗೆ ಹೊಂದಿಕೊಂಡ. ಖರ್ಚು ಹೆಚ್ಚಾಯಿತು, ಅಷ್ಟೇ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಂಗಸರಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಅವರನ್ನು ಟಿವಿಯಲ್ಲಿ ನೋಡುತ್ತಾ ಅವ್ವ ಬಹಳ ಹೊತ್ತು ಮಾತಾಡಿರಲಿಲ್ಲ.

ಅಪ್ಪನನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದೆವು. ಎಲ್ಲಿ ಎನ್ನುವುದು ಬೇಡ. ಕೈನಡುಕ ನಿಲ್ಲಿಸಿದರು, ಮಾತ್ರೆ ಬರೆದುಕೊಟ್ಟರು, ಮನೆಗೆ ಕಳಿಸುವ ದಿನ ಅವ್ವನ ಕಡೆ ತಿರುಗಿ “ಚೆನ್ನಾಗಿ ನೋಡ್ಕೊಳ್ಳಿ” ಅಂದರು. ನಮ್ಮಲ್ಲಿ ಚಿಕಿತ್ಸೆಯಲ್ಲಿ ಕುಟುಂಬದ ಪಾತ್ರ ಅನ್ನುವುದು ಬಹುಮಟ್ಟಿಗೆ ಈ ಒಂದು ಮಾತಿನಲ್ಲಿ ಮುಗಿಯುತ್ತದೆ. ಹದಿನೈದು ವರ್ಷದಿಂದ ಅವ್ವ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ?

ಹಾಳೆಯ ಮೇಲೆ ಜಾಲ ಬರೆಸುವ ಪದ್ಧತಿ ಇಂಗ್ಲೆಂಡಿನದು. ಅಲೆಕ್ಸ್ ಕೊಪೆಲ್ಲೊ, ಜಿಮ್ ಆರ್ಫರ್ಡ್ ಮತ್ತು ಸಂಗಡಿಗರು ರೂಪಿಸಿದ್ದು. ಎಂಟು ಭೇಟಿಗಳ ಚಿಕಿತ್ಸೆ. ಕುಡಿಯುವವನೊಬ್ಬನನ್ನೇ ಕೂರಿಸಿ ಬುದ್ಧಿ ಹೇಳುವ ಬದಲು, ಅವನು ಬಿಡಲಿ ಎಂದು ಬಯಸುವವರನ್ನೂ ಕರೆಸುತ್ತಾರೆ. ಅವನೇ ತಪ್ಪಿಸಿಕೊಂಡ ದಿನ ಬಂದವರ ಜೊತೆಗಾದರೂ ಕೆಲಸ ನಡೆಯುತ್ತದೆ. 742 ಜನರ ಮೇಲೆ ಇದನ್ನು ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಬ್ಬರನ್ನೇ ಕೂರಿಸಿ ಮಾತಾಡುವ ಮೂರು ಭೇಟಿಗಳ ಇನ್ನೊಂದು ಚಿಕಿತ್ಸೆಯ ಜೊತೆ ಹೋಲಿಸಿದರೆ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ಕುಡಿತ ಕಡಿಮೆಯಾಗಿತ್ತು. ನನ್ನನ್ನು ಹಿಡಿದದ್ದು ಬೇರೆ ಸಂಗತಿ. ಅಲ್ಲಿ ಚಿಕಿತ್ಸಕರ ಮಾತುಕತೆಗಳನ್ನು ವಿಡಿಯೋ ಮಾಡಿ, ಮೇಲ್ವಿಚಾರಕರು ಕೂತು ನೋಡಿ ತಿದ್ದುತ್ತಿದ್ದರು. ಇನ್ನೊಬ್ಬರ ಮನೆಯವರ ಜೊತೆ ಮಾತಾಡುವುದೂ ಕಲಿಯಬೇಕಾದ ಕೆಲಸ ಎಂದು ಒಪ್ಪಿಕೊಂಡಿದ್ದರಲ್ಲ, ಅದು.

ನನ್ನ ಹಾಳೆಯಲ್ಲಿ ಅಪ್ಪನಿಗೆ ಅಂಟಿಕೊಂಡಂತೆ ಅವ್ವ ಇದ್ದಳು. ಪಕ್ಕದಲ್ಲಿ ನಾನು, ತಮ್ಮ, ಸಿಂಧನೂರಿನ ಅತ್ತೆ. ಆಮೇಲೆ ಅಲಾಯಿ ಹಬ್ಬ ನೆನಪಾಯಿತು. ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಜಾತಿ ಮತ ಅನ್ನದೆ ಹರಕೆ ಹೊತ್ತು ಫಕೀರರಾಗುತ್ತಾರೆ. ಅಪ್ಪನೂ ಆಗುತ್ತಿದ್ದ. ಗುದ್ದಲಿ ಬಿದ್ದ ದಿನದಿಂದ ದಫನ್ ಆಗುವವರೆಗೆ ಒಂದು ಹನಿ ಮುಟ್ಟುತ್ತಿರಲಿಲ್ಲ. ಕೊರಳಲ್ಲಿ ಲಾಡಿ ಇದ್ದವನಿಗೆ ಅಂಗಡಿಯವನು ಕೊಡುತ್ತಿರಲಿಲ್ಲ, ಸ್ಟ್ಯಾಂಡಿನವರು ಬಾ ಅನ್ನುತ್ತಿರಲಿಲ್ಲ. ಯಾರೂ ಅವನನ್ನು ಕಾಯುತ್ತಿರಲಿಲ್ಲ, ಆದರೆ ಇಡೀ ಊರಿಗೆ ಗೊತ್ತಿರುತ್ತಿತ್ತು. ಅವ್ವ ಚೊಂಗೆ ಮಾಡುತ್ತಾ ಪದ ಗುನುಗುತ್ತಿದ್ದ ದಿನಗಳು ವರ್ಷಕ್ಕೆ ಆ ಹತ್ತೇ. ಹನ್ನೊಂದನೆಯ ದಿನ ಊರು ಅವನನ್ನು ಮರೆಯುತ್ತಿತ್ತು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಎಂಟು ದಿನದ ಮದ್ಯವರ್ಜನ ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ನವಜೀವನ ಸಮಿತಿ ಅಂತ ಮತ್ತೆ ಮತ್ತೆ ಸೇರಿಸುವುದು ಈ ಹನ್ನೊಂದನೆಯ ದಿನಕ್ಕಾಗಿಯೇ ಇರಬೇಕು.

ಹಾಳೆಯ ಅಂಚಿನಲ್ಲಿ ಒಂದು ಹೆಸರು ಬರೆದು ಹೊಡೆದುಹಾಕಿದ್ದೆ. ಕಲಿಸುವವರು ಬಗ್ಗಿ ನೋಡಿ, “ಇವರ‍್ಯಾರು?” ಅಂದರು.

“ಟಂಟಂ ಸ್ಟ್ಯಾಂಡಿನ ಕಾಕಾ. ಅಪ್ಪನ ಜೊತೆ ಕುಡಿಯುವವನು.”

ವಿಪರೀತ ಕುಡಿಯುವವರನ್ನು ಜಾಲಕ್ಕೆ ಸೇರಿಸಬಾರದು ಎಂದು ಪಾಠದಲ್ಲೇ ಇತ್ತು. ಆದರೂ ಅವರು, “ಈಗಲೂ ಕುಡಿಯುತ್ತಾರಾ? ಕೇಳಿದ್ದೀರಾ?” ಎಂದರು. ಕೇಳಿರಲಿಲ್ಲ. ಓದಿಗೆಂದು ಊರು ಬಿಟ್ಟು ಏಳು ವರ್ಷವಾಗಿತ್ತು.

ಅವತ್ತು ಸಂಜೆ ಕಾಕಾಗೆ ಫೋನ್ ಮಾಡಿದೆ. ಮೊದಲು ಗಾಬರಿಯಾದ. ಅಪ್ಪನ ಮಾತು ತೆಗೆದೆ. “ನಾ ಬಿಟ್ಟು ಆರು ವರ್ಷ ಆತಲ್ಲವ್ವಾ. ನಿಮ್ಮಪ್ಪ ಅಂಗಡಿ ಕಡೆ ಹೊಂಟ ಅಂದ್ರ ಗಾಡಿ ಚಾವಿ ಇಸ್ಕೊಂಡು ಇಟ್ಕೊಂತೀನಿ. ಇಲ್ಲಂದ್ರ ಆ ಲಿಂಗಸುಗೂರು ರೋಡಿನ್ಯಾಗ ಎಂದೋ...” ಎಂದು ನಿಲ್ಲಿಸಿದ. ಮುಂಜಾನೆ ಎದ್ದ ಕೂಡಲೇ ಅಪ್ಪ ಕಾಕಾನ ಮನೆಗೆ ಓಡುತ್ತಾನೆ, ಅಷ್ಟೊತ್ತಿಗೇ ಶುರು ಮಾಡುತ್ತಾರೆ ಎಂದು ಅವ್ವ ಫೋನಿನಲ್ಲಿ ಎಷ್ಟು ಸಲ ಅತ್ತಿದ್ದಳು. ಅವನು ಹೋಗುತ್ತಿದ್ದದ್ದು ಚಾವಿ ತರಲಿಕ್ಕೆ. ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, “ನಿಮ್ಮವ್ವ ನನ್ನ ಜೋಡಿ ಮಾತು ಬಿಟ್ಟು ಎಷ್ಟು ದಿನ ಆತು” ಅಂದ.

ನನ್ನ ಅಪ್ಪನಿಗೆ ನಾನೇ ಚಿಕಿತ್ಸಕಿಯಾಗಲು ಬರುವುದಿಲ್ಲ. ಆದರೆ ಕೌನ್ಸೆಲರ್ ಮುಂದೆ ಇಡಲು ಒಂದು ಹಾಳೆ ಬೇಕಿತ್ತು. ಆ ರಜೆಯಲ್ಲಿ ಊರಿಗೆ ಹೋದಾಗ, ಅಪ್ಪ ಚಾವಿ ತಂದು ಚಹಾ ಕುಡಿಯುತ್ತಾ ಕೂತಿದ್ದ ಹೊತ್ತಿಗೆ, ಹೊಸ ಹಾಳೆ ಹಾಸಿ, ಯಾರ‍್ಯಾರನ್ನು ಕರೆಯೋಣ ಎಂದೆ. ಬಹಳ ಹೊತ್ತು ಹಾಳೆಯನ್ನೇ ನೋಡಿದ. ಕಾಕಾನ ಹೆಸರು ಹೇಳಿದ. ಅಲಾಯಿಯಲ್ಲಿ ಜೊತೆಗೆ ಫಕೀರರಾಗುತ್ತಿದ್ದ ಇಬ್ಬರ ಹೆಸರು ಹೇಳಿದ. ನಾನು ಅವ್ವನ ಹೆಸರು ಬರೆಯಹೋದರೆ ಕೈ ಅಡ್ಡ ಹಿಡಿದ.

“ನಿಮ್ಮವ್ವಂದು ಬ್ಯಾಡ. ಆಕಿಗೆ ಸಾಕಾಗೈತಿ.”

ಕುಡಿಯುವವರ ಮನೆಯವರಿಗೆ, ಅವರ ಸಲುವಾಗಿಯೇ ಬೇರೆ ನೆರವು ಬೇಕು ಎಂದು ಆರ್ಫರ್ಡ್, ಕೊಪೆಲ್ಲೊ ಬರೆದಿದ್ದಾರೆ. ಗೋವಾದಲ್ಲಿ ಸಂಗಾತ್ ಸಂಸ್ಥೆ ಅದಕ್ಕಾಗಿ ಡಾಕ್ಟರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟಿದೆ. ಇದನ್ನೆಲ್ಲ ಓದಿದ್ದ ನಾನೇ ಅವ್ವನನ್ನು ಕೇಳದೆ ಮೊದಲ ಹಾಳೆಯಲ್ಲಿ ಅಪ್ಪನಿಗೆ ಅಂಟಿಸಿಬಿಟ್ಟಿದ್ದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಹಾಳೆ ನೋಡಿದಳು.

“ಬರಿ, ನನ್ನ ಹೆಸ್ರೂ ಬರಿ” ಅಂದಳು. “ಅಲ್ಲಿ ಬ್ಯಾಡ. ದೂರ ಬರಿ. ಆ ಮೂಲ್ಯಾಗ.”